ಯುವಕರ ಬೈಬಲ್ ಕೂಟಕ್ಕೆ ‘ವಲಸೆ’ ವಿಷಯ: ನಾಲ್ಕು ಶನಿವಾರಕ್ಕೆ ಏನು ಓದಿಸೋದು? (ಬೆಳಗಾವಿ)

ಕೇಳಿದವರು: ಕ್ಯಾಂಪ್ ಕಡೆಯವ

ಬೆಳಗಾವಿಯ ಯುವಕರ ಬೈಬಲ್ ಕೂಟವೊಂದಕ್ಕೆ ‘ಕ್ರೈಸ್ತ ನಂಬಿಕೆ ಮತ್ತು ವಲಸೆ’ ಅಂತ ವಿಷಯ ಕೊಟ್ಟಿದ್ದಾರೆ. ನಾಲ್ಕು ಶನಿವಾರ, ತಲಾ ಒಂದೂವರೆ ತಾಸು, ಇಪ್ಪತ್ತೈದು ಮಂದಿ. ಕಥೋಲಿಕರೂ ಇದ್ದಾರೆ, ಮೆಥಡಿಸ್ಟರೂ ಇದ್ದಾರೆ.

ತೊಂದರೆ ಏನಂದ್ರೆ, ವಿಷಯ ಎತ್ತಿದ ಕೂಡಲೇ ಮಾತು ಅಮೆರಿಕಕ್ಕೆ ಹಾರುತ್ತದೆ. ಅರ್ಧ ಮಂದಿ ‘ಪರದೇಶಿಯಾಗಿದ್ದೆ, ನನ್ನನ್ನು ಸೇರಿಸಿಕೊಂಡಿರಿ’ ಅನ್ನುವ ಮತ್ತಾಯ 25 ತೆಗೀತಾರೆ. ಉಳಿದರ್ಧ ‘ನೆಹೆಮೀಯ ಯೆರೂಸಲೇಮಿಗೆ ಗೋಡೆ ಕಟ್ಟಲಿಲ್ವಾ? ರೋಮಾ 13ರಲ್ಲಿ ಕಾನೂನು ಪಾಲಿಸು ಅಂತಿಲ್ವಾ?’ ಅಂತಾರೆ. ಇಬ್ಬರೂ ಮೊಬೈಲ್‌ನಲ್ಲಿ ನೋಡಿದ ವಿಡಿಯೊದ ಮಾತನ್ನೇ ಒಪ್ಪಿಸ್ತಾರೆ.

ಯಾವ ಭಾಗ ಯಾವ ಕ್ರಮದಲ್ಲಿ ಓದಿಸಬೇಕು? ಸಭೆಗಳ ಅಧಿಕೃತ ನಿಲುವು ಏನು? ಕೊನೆಗೆ ಊರಲ್ಲೇ ಮಾಡಬಹುದಾದ ಕೆಲಸ ಏನಿದೆ? ಮಾತಾಡಿ, ಚಹಾ ಕುಡಿದು ಎದ್ದು ಹೋಗುವಂಗೆ ಆಗಬಾರದು. ತಿಳಿದವರು ಬಿಡಿಸಿ ಹೇಳ್ರಿ.

ಉತ್ತರ 1: ಹಳೇ ಒಡಂಬಡಿಕೆ

ಮತ್ತಾಯ 25ರಿಂದ ಶುರು ಮಾಡಬೇಡಿ. ‘ಈ ನನ್ನ ಸಹೋದರರಲ್ಲಿ ಅಲ್ಪನು’ ಅಂದರೆ ಲೋಕದ ಬಡವರೆಲ್ಲರೋ, ಯೇಸುವಿನ ಶಿಷ್ಯರಷ್ಟೇನೋ ಎಂಬುದು ಪಂಡಿತರಲ್ಲೇ ಹಳೆಯ ತಕರಾರು. ಮತ್ತಾಯ 10:40–42 ಪಕ್ಕಕ್ಕಿಟ್ಟು ಓದಿದರೆ ಎರಡನೆಯ ಅರ್ಥಕ್ಕೂ ಬಲವಿದೆ. ಆ ತಕರಾರು ತೀರುವಷ್ಟರಲ್ಲಿ ಶನಿವಾರ ಮುಗಿದಿರುತ್ತದೆ.

ಶಬ್ದದಿಂದ ಶುರು ಮಾಡಿ. ನಮ್ಮ ಕಡೆ ‘ಪರದೇಶಿ’ ಅಂದರೆ ಬೇರೆ ದೇಶದವನು ಅಂತ ಯಾರೂ ತಿಳಿಯುವುದಿಲ್ಲ. ಹಿಂದುಮುಂದು ಯಾರೂ ಇಲ್ಲದವನು, ದಿಕ್ಕಿಲ್ಲದವನು. ‘ಪರದೇಶಿ ಹಂಗ ಕುಂತಾನ’ ಅಂತೀವಲ್ಲ, ಅದು. ಹೀಬ್ರೂವಿನ ‘ಗೇರ್’ ಶಬ್ದಕ್ಕೆ ಇದು ಎಷ್ಟು ಹತ್ತಿರ ಅಂದರೆ, ಅನುವಾದಕರು ಬೇಕೆಂದೇ ಆರಿಸಿದರೇನೋ ಅನ್ನಿಸುತ್ತದೆ. ಗೇರ್ ಅಂದರೆ ಬಂದು ನೆಲೆಸಿದವನು. ಆದರೆ ಅವನಿಗೆ ಪಿತ್ರಾರ್ಜಿತ ಹೊಲವಿಲ್ಲ, ಊರ ಬಾಗಿಲಲ್ಲಿ ನ್ಯಾಯ ನಡೆದಾಗ ಪರವಾಗಿ ನಿಲ್ಲುವ ಅಣ್ಣತಮ್ಮಂದಿರಿಲ್ಲ. ಅದಕ್ಕೇ ಧರ್ಮೋಪದೇಶಕಾಂಡ ಅವನನ್ನು ವಿಧವೆ ಮತ್ತು ತಂದೆಯಿಲ್ಲದ ಮಗುವಿನ ಜತೆ ಸೇರಿಸಿ ಹೇಳುತ್ತದೆ (10:18, 24:17–21). ವ್ಯಾಪಾರಕ್ಕೆ ಬಂದುಹೋಗುವ ಹೊರದೇಶದವನಿಗೆ ಬೇರೆ ಶಬ್ದ, ‘ನೊಕ್ರಿ’. ಅವನಿಂದ ಬಡ್ಡಿ ತೆಗೆದುಕೊಳ್ಳಬಹುದು (23:20). 14:21ರಲ್ಲಿ ಎರಡೂ ಶಬ್ದ ಒಂದೇ ವಚನದಲ್ಲಿ ಬರುತ್ತವೆ: ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನು ಗೇರ್‌ನಿಗೆ ಕೊಡಬಹುದು, ನೊಕ್ರಿಗೆ ಮಾರಬಹುದು. ಕೂಟದಲ್ಲಿ ಈ ಒಂದು ವಚನವನ್ನು ಎರಡು ಕನ್ನಡ ಅನುವಾದಗಳಲ್ಲಿ ಓದಿಸಿ, ಯಾವ ಶಬ್ದಕ್ಕೆ ಏನು ಹಾಕಿದ್ದಾರೆ ಅಂತ ಹಲಗೆಯ ಮೇಲೆ ಬರೆಸಿ. ‘ಬೈಬಲ್ ಹೊರಗಿನವರ ಬಗ್ಗೆ ಒಂದೇ ಮಾತು ಹೇಳುತ್ತದೆ’ ಅನ್ನುವ ಭ್ರಮೆ ಎರಡೂ ಪಾಳಯದವರಿಗೆ ಅಲ್ಲೇ ಬಿಡುತ್ತದೆ.

ಅದೇ ಶನಿವಾರ ಯಾಜಕಕಾಂಡ 19:33–34 ಓದಿ, ಆದರೆ 36ರವರೆಗೂ ಹೋಗಿ. ಪರದೇಶಿಯನ್ನು ನಿನ್ನಂತೆಯೇ ಪ್ರೀತಿಸು ಅಂದ ಮರುವಚನದಲ್ಲೇ ತಕ್ಕಡಿ, ತೂಕದ ಕಲ್ಲು, ಸೇರು ಸರಿಯಾಗಿರಲಿ ಅಂತಿದೆ. ಪ್ರೀತಿ ಅಂದರೆ ಭಾವನೆ ಮಾತ್ರ ಅಂತ ತಿಳಿದವರಿಗೆ ಈ ನೆರೆಹೊರೆ ಸಾಕು. ಧರ್ಮೋಪದೇಶಕಾಂಡ 24:14–15 ಇನ್ನೂ ಕರಾರುವಾಕ್ಕು: ಕೂಲಿಯವನು ನಿನ್ನ ಸಹೋದರನೇ ಆಗಲಿ, ಪರದೇಶಿಯೇ ಆಗಲಿ, ಹೊತ್ತು ಮುಳುಗುವ ಮುಂಚೆ ಕೂಲಿ ಕೈಗೆ ಸೇರಬೇಕು.

ಎರಡನೇ ಶನಿವಾರ ರೂತಳು. ಪುಸ್ತಕ ನಾಲ್ಕೇ ಅಧ್ಯಾಯ, ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಮೊದಲ ವಚನವೇ ನಮ್ಮ ಭಾಷೆಯಲ್ಲಿ ಹೇಳಿದರೆ, ಬರ ಬಿತ್ತು, ರೂತಳ ಮಾವ ಎಲೀಮೆಲೆಕನ ಮನೆಯವರು ಗುಳೆ ಹೋದರು. ‘ವಲಸೆ’ ಅನ್ನುವ ಪೇಪರಿನ ಶಬ್ದ ಬಿಟ್ಟು ‘ಗುಳೆ’ ಅನ್ನಿ. ಬಾಗಲಕೋಟೆ, ವಿಜಯಪುರದ ಹುಡುಗರು ಬೈಬಲ್ ಮಡಿಚಿ ಎದ್ದು ಕೂರುತ್ತಾರೆ. ಎರಡನೇ ಅಧ್ಯಾಯದ ಹಕ್ಕಲು (ಕೊಯ್ಲಿನಲ್ಲಿ ಬಿದ್ದುಳಿದ ತೆನೆ) ಆಯುವುದನ್ನು ಜೋಳದ ಹೊಲ ಕಂಡವರಿಗೆ ವಿವರಿಸುವ ಅಗತ್ಯವೇ ಇಲ್ಲ. ಹೊಲದ ಧಣಿ ಬೋವಜ ಏನೇನು ಮಾಡಿದ ಅಂತ ಅವರಿಂದಲೇ ಹುಡುಕಿಸಿ. ಆಳುಗಳಿಗೆ ‘ಆಕೆಯ ಮೈ ಮುಟ್ಟಬೇಡಿ’ ಅಂತ ತಾಕೀತು ಮಾಡಿದ. ಕೆಲಸದವರ ಕೊಡದಿಂದಲೇ ನೀರು ಕುಡಿ ಅಂದ (2:9). ಊಟಕ್ಕೆ ಕೊಯ್ಯುವವರ ಪಕ್ಕ ಕೂರಿಸಿದ (2:14). ಕಟ್ಟಿನಿಂದ ಕೆಲವು ತೆನೆ ಬೇಕೆಂದೇ ಉದುರಿಸಿ ಅಂದ (2:16). ಸಂಜೆಗೆ ಅವಳು ಬಡಿದು ತೆಗೆದದ್ದು ಸುಮಾರು ಒಂದು ಏಫಾ ಜವೆಗೋಧಿ, ನಮ್ಮ ಲೆಕ್ಕದಲ್ಲಿ 20 ಲೀಟರಿಗೂ ಮೇಲೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಸುರಕ್ಷತೆ, ನೀರು, ಊಟ, ದುಡಿಮೆಗೆ ತಕ್ಕ ಫಲ ಎಲ್ಲ ಇಲ್ಲಿದೆ. ಜತೆಗೆ ಧರ್ಮೋಪದೇಶಕಾಂಡ 23:3 ತೋರಿಸಿ. ಮೋವಾಬ್ಯನು ಹತ್ತನೇ ತಲೆಮಾರಿಗೂ ಸಭೆಗೆ ಸೇರಬಾರದು ಅಂತ ಅಲ್ಲಿ ಕಟ್ಟಪ್ಪಣೆ. ಮೋವಾಬ್ಯಳಾದ ರೂತಳ ಮರಿಮಗ ದಾವೀದ. ಬೈಬಲ್ಲಿನೊಳಗೇ ಈ ವಾದ ನಡೆದಿದೆ, ಅದನ್ನು ಮುಚ್ಚಿಡಬೇಡಿ.

ಮೂರನೇ ಶನಿವಾರ ನೆಹೆಮೀಯ, ಪೂರ್ತಿ. ಗೋಡೆಯ ವಾದ ಮಾಡುವವರು 3 ಮತ್ತು 4ನೇ ಅಧ್ಯಾಯ ಓದಿ ನಿಲ್ಲಿಸಿರುತ್ತಾರೆ. 2:7–8ರಲ್ಲಿ ನೆಹೆಮೀಯನೇ ಪರ್ಷಿಯದ ಅರಸನಿಂದ ದಾರಿಯ ಪತ್ರ ಕೇಳಿ ತೆಗೆದುಕೊಂಡು ಗಡಿ ದಾಟುತ್ತಾನೆ. ಅವನು ಕಟ್ಟಿಸಿದ ಗೋಡೆ ಸಾಮ್ರಾಜ್ಯವೊಂದರ ಅಧೀನದ ಸಣ್ಣ ಊರಿನ ಕೋಟೆ, ದೇಶದ ಗಡಿಬೇಲಿ ಅಲ್ಲ. ಹಾಗಂತ 13ನೇ ಅಧ್ಯಾಯ ಹಾರಿಸುವುದೂ ಮೋಸ: ಅಷ್ಡೋದ್, ಅಮ್ಮೋನ್, ಮೋವಾಬಿನ ಹೆಂಗಸರನ್ನು ಮದುವೆಯಾದವರ ಕೂದಲು ಕಿತ್ತ ಪ್ರಸಂಗ ಅಲ್ಲಿದೆ, ಓದಲೇಬೇಕು. ಆದರೆ ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ನಮ್ಮ ಜಿಲ್ಲೆಗಳಿಗೆ ನೇರ ತಾಗುವುದು 5ನೇ ಅಧ್ಯಾಯ. ಬರ, ಹೊಲ ಅಡ, ಬಡ್ಡಿ, ಸಾಲಕ್ಕೆ ಮಕ್ಕಳನ್ನು ಜೀತಕ್ಕಿಡುವುದು. ನೆಹೆಮೀಯ ಧಣಿಗಳನ್ನು ಸೇರಿಸಿ, ಹೊಲ ಮನೆ ಬಡ್ಡಿ ಎಲ್ಲ ಇವತ್ತೇ ಹಿಂದಕ್ಕೆ ಕೊಡಿ ಅಂತ ಆಣೆ ಹಾಕಿಸುತ್ತಾನೆ. ಗೋಡೆ ಕಟ್ಟಿದ ನೆಹೆಮೀಯನನ್ನು ಹಿಡಿದುಕೊಂಡವರು ಈ ನೆಹೆಮೀಯನನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಕೊನೆಯ ಶನಿವಾರಕ್ಕೆ ಹೊಸ ಒಡಂಬಡಿಕೆ. ರೋಮಾ 13 ಓದುವವರು ಅದೇ ಪತ್ರದ 12:13ರಿಂದ ಓದಲಿ. ಅಲ್ಲಿ ‘ಅತಿಥಿಸತ್ಕಾರ’ ಅಂತಿರುವುದು ಗ್ರೀಕಿನಲ್ಲಿ ‘ಫಿಲೊಕ್ಸೆನಿಯ’, ಅಕ್ಷರಶಃ ಅಪರಿಚಿತನ ಮೇಲಿನ ಪ್ರೀತಿ. ಇಬ್ರಿಯ 13:2ರಲ್ಲೂ ಅದೇ ಶಬ್ದ. 1 ಪೇತ್ರ 2:11 ಓದಿ ಮುಗಿಸಿ. ಅಲ್ಲಿ ಕ್ರೈಸ್ತರನ್ನೇ ‘ಪರೊಯ್ಕೊಸ್’, ಅಂದರೆ ಪಕ್ಕದಲ್ಲಿ ಬಿಡಾರ ಹೂಡಿದ ಪರಸ್ಥಳದವರು ಅಂತ ಕರೆದಿದೆ. ‘ಪ್ಯಾರಿಷ್’ ಶಬ್ದ ಹುಟ್ಟಿದ್ದೇ ಆ ಬೇರಿನಿಂದ.

ಉತ್ತರ 2: ದಾಖಲೆ ಪೆಟ್ಟಿಗೆ

ಮೇಲಿನವರು ಪಠ್ಯ ಹೇಳಿದ್ದಾರೆ, ನಾನು ಸಭೆಗಳ ನಿಲುವಿನ ಬಗ್ಗೆ ಮಾತ್ರ.

ಕಥೋಲಿಕರಿಗೆ ಒಂದೇ ಕಡೆ ಸಿಗಬೇಕಾದರೆ ಕಥೋಲಿಕ ಸಭೆಯ ಬೋಧನಾ ಗ್ರಂಥ ‘ಧರ್ಮೋಪದೇಶ’ದ (ಕ್ಯಾಟೆಕಿಸಂ; ಬೈಬಲ್ಲಿನ ಧರ್ಮೋಪದೇಶಕಾಂಡ ಅಲ್ಲ) 2241ನೇ ಕಂಡಿಕೆ. ಅದರಲ್ಲಿ ಎರಡು ಭಾಗ ಇವೆ, ಜಗಳಾಡುವವರು ಒಂದೊಂದನ್ನೇ ಓದುತ್ತಾರೆ. ಮೊದಲ ಭಾಗ: ಅನುಕೂಲವಿರುವ ದೇಶಗಳು ತಮ್ಮ ಶಕ್ತಿ ಇರುವಷ್ಟು ಮಟ್ಟಿಗೆ, ಬದುಕು ಹುಡುಕಿ ಬಂದವನನ್ನು ಸೇರಿಸಿಕೊಳ್ಳಲೇಬೇಕು. ಎರಡನೆಯದು: ಸರ್ಕಾರ ಸಾರ್ವಜನಿಕ ಹಿತಕ್ಕಾಗಿ ಷರತ್ತು ಹಾಕಬಹುದು, ಬಂದವನು ಆ ದೇಶದ ಕಾನೂನು ಪಾಲಿಸಬೇಕು, ಅದರ ಪರಂಪರೆಯನ್ನು ಗೌರವಿಸಬೇಕು, ಹೊರೆಯಲ್ಲಿ ಹೆಗಲು ಕೊಡಬೇಕು. ಎರಡನ್ನೂ ಒಬ್ಬನೇ ವಿದ್ಯಾರ್ಥಿಯಿಂದ ಗಟ್ಟಿಯಾಗಿ ಓದಿಸಿ.

ಇದರ ಹಿಂದಿನ ದಾರಿ ಉದ್ದ. ವಲಸಿಗರಿಗಾಗಿ ಪ್ರಾರ್ಥಿಸುವ ದಿನ 1914ರಿಂದ ನಡೆದುಬಂದಿದೆ. 2019ರಿಂದ ಅದನ್ನು ಸಾಮಾನ್ಯವಾಗಿ ಸೆಪ್ಟೆಂಬರಿನ ಕೊನೆಯ ಭಾನುವಾರ ಆಚರಿಸುತ್ತಾರೆ. ನಿಮ್ಮ ನಾಲ್ಕನೇ ಶನಿವಾರವನ್ನು ಅದರ ಹಿಂದಿನ ದಿನಕ್ಕೆ ಹೊಂದಿಸಿದರೆ ಫಾದರ್ ಮರುದಿನದ ಪ್ರಬೋಧನೆಯಲ್ಲಿ ಮುಂದುವರಿಸಬಹುದು. 1952ರಲ್ಲಿ ಪೋಪ್ 12ನೇ ಪಿಯುಸ್ ವಲಸಿಗರ ಬಗ್ಗೆಯೇ ಒಂದು ಪ್ರೇಷಿತ ಸಂವಿಧಾನ (ಪೋಪರ ಅಧಿಕೃತ ಶಾಸನಪತ್ರ) ಹೊರಡಿಸಿದರು. ಅದು ಮರಿಯ, ಜೋಸೆಫ್, ಯೇಸು ಐಗುಪ್ತಕ್ಕೆ ಓಡಿಹೋದ ಕುಟುಂಬವನ್ನು ಎಲ್ಲ ನಿರಾಶ್ರಿತರ ಮಾದರಿ ಅನ್ನುತ್ತದೆ. ಪೋಪ್ ಫ್ರಾನ್ಸಿಸ್ 2018ರ ಸಂದೇಶದಲ್ಲಿ ನಾಲ್ಕು ಕ್ರಿಯಾಪದ ಕೊಟ್ಟರು: ಬರಮಾಡಿಕೊಳ್ಳು, ಕಾಪಾಡು, ಬೆಳೆಸು, ಒಳಗೊಳ್ಳು. ನಾಲ್ಕು ವಾರಕ್ಕೆ ನಾಲ್ಕು ಅಂತ ಹಂಚುವ ಆಸೆ ಬರುತ್ತದೆ, ಆದರೆ ಬೇಡ, ಎಲ್ಲವೂ ಭಾಷಣವಾಗಿಬಿಡುತ್ತವೆ.

ಎದುರು ವಾದವನ್ನೂ ಗಟ್ಟಿಯಾಗಿಯೇ ಇಡಿ. ಮಧ್ಯಯುಗದ ಕಥೋಲಿಕ ಪಂಡಿತ ಥಾಮಸ್ ಅಕ್ವಿನಾಸ್ ಹಳೇ ಒಡಂಬಡಿಕೆಯ ಈ ನಿಯಮಗಳನ್ನು ಚರ್ಚಿಸುವಾಗ, ಹೊರಗಿನವರನ್ನು ಬಂದ ಕೂಡಲೇ ಪೌರರನ್ನಾಗಿ ಮಾಡಬಾರದು, ಎರಡು ಮೂರು ತಲೆಮಾರು ಕಾಯುವುದು ಸರಿ ಎಂಬ ಅರಿಸ್ಟಾಟಲನ ಮಾತನ್ನು ಒಪ್ಪಿಗೆಯಿಂದಲೇ ತರುತ್ತಾನೆ. 2025ರ ಜನವರಿಯಲ್ಲಿ ಅಮೆರಿಕದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ‘ಪ್ರೀತಿಯ ಕ್ರಮ’ ಎಂಬ ಹಳೆಯ ತತ್ತ್ವ ಎತ್ತಿದರು: ಮೊದಲು ಮನೆ, ಆಮೇಲೆ ನೆರೆ, ಆಮೇಲೆ ದೇಶ, ಉಳಿದವರು ನಂತರ. ಫೆಬ್ರುವರಿ 10ರಂದು ಫ್ರಾನ್ಸಿಸ್ ಅಲ್ಲಿನ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ, ಆ ಕ್ರಮ ತಿಳಿಯಬೇಕಾದರೆ ಒಳ್ಳೆಯ ಸಮಾರ್ಯದವನ ಸಾಮತಿಯನ್ನು (ದೃಷ್ಟಾಂತ ಕಥೆಯನ್ನು) ಧ್ಯಾನಿಸಿ ಅಂದರು. ಅಮೆರಿಕದ ಚರ್ಚೆ ಬಂದರೆ ಈ ಎರಡನ್ನು ಮಾತ್ರ ಇಟ್ಟು ಇಪ್ಪತ್ತು ನಿಮಿಷಕ್ಕೆ ಗಡಿಯಾರ ಹಚ್ಚಿ.

ಇನ್ನು, ನಂಬಿಕೆ ಇದ್ದವರೆಲ್ಲ ಹೀಗೇ ಯೋಚಿಸುತ್ತಾರೆ ಅಂತಲೂ ಇಲ್ಲ. ಪಶ್ಚಿಮ ಯುರೋಪಿನ 15 ದೇಶಗಳಲ್ಲಿ ಪ್ಯೂ ಸಂಸ್ಥೆ ಮಾಡಿದ, 2018ರಲ್ಲಿ ಹೊರಬಂದ ಸಮೀಕ್ಷೆಯಲ್ಲಿ, ಧರ್ಮವಿಲ್ಲ ಅಂದವರಿಗಿಂತ ಕ್ರೈಸ್ತ ಅಂದುಕೊಂಡವರಲ್ಲೇ ವಲಸಿಗರ ಬಗ್ಗೆ ಕಹಿ ಹೆಚ್ಚು ಕಂಡಿತು. ಅಮೆರಿಕದ ಸುವಾರ್ತಾವಾದಿ (ಇವ್ಯಾಂಜೆಲಿಕಲ್) ಕ್ರೈಸ್ತರಲ್ಲಿ ಲೈಫ್‌ವೇ ಸಂಸ್ಥೆ 2015ರಲ್ಲಿ ಕೇಳಿದಾಗ, ವಲಸೆಯ ಬಗೆಗಿನ ತಮ್ಮ ಅಭಿಪ್ರಾಯಕ್ಕೆ ಬೈಬಲ್ಲೇ ಮುಖ್ಯ ಕಾರಣ ಅಂದವರು 12% ಮಾತ್ರ. ಮೊದಲ ಶನಿವಾರ, ಬಾಯಿ ತೆರೆಯುವ ಮುಂಚೆ, ಒಂದು ಚೀಟಿಯಲ್ಲಿ ಹೆಸರಿಲ್ಲದೆ ‘ನನ್ನ ಅಭಿಪ್ರಾಯ ಎಲ್ಲಿಂದ ಬಂತು: ಮನೆ, ಪೇಪರು, ವಿಡಿಯೊ, ಕೆಲಸದ ಜಾಗ, ಬೈಬಲ್’ ಅಂತ ಗುರುತು ಹಾಕಿಸಿ. ಎಣಿಸಿ ಹಲಗೆಗೆ ಬರೆದುಬಿಟ್ಟರೆ ಸಾಕು, ಬೋಧನೆ ಬೇಡ.

ಉತ್ತರ 3: ಗುಳೆ ಲೆಕ್ಕ, ವಿಜಾಪುರ

ಅಣ್ಣಾರ, ಮ್ಯಾಲಿನ ಇಬ್ರೂ ಛಲೋ ಹೇಳ್ಯಾರ. ನಾ ಕೆಲಸದ ಮಾತು ಹೇಳ್ತೀನಿ.

ಮೊದಲ ಒಂದು ಕನ್ನಡಿ ತೋರಸ್ರಿ. ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆ ಮಂದಿ ಗುಳೆ ಹೋಗೂದು ಗೋವಾಕ್ಕ, ಮಹಾರಾಷ್ಟ್ರಕ್ಕ, ಬೆಂಗಳೂರಿಗೆ. ಗೋವಾದಾಗ ಅವ್ರಿಗೆ ‘ಘಾಂಟಿ’ ಅಂತಾರ, ಘಟ್ಟದ ಮ್ಯಾಲಿನಾಂವ ಅಂತ ಹೀಯಾಳ್ಸಿ. ಅನ್ನೋರಾಗ ಚರ್ಚಿಗೆ ಹೋಗೋರೂ ಅದಾರ. ಇತ್ತಾಗ ಬೆಳಗಾವಿಗೆ ಬಂದ ಝಾರ್ಖಂಡ, ಒಡಿಶಾದ ಹುಡುಗೂರಿಗೆ ನಾವು ಎಲ್ಲಾರಿಗೂ ಕೂಡಿ ‘ಬಿಹಾರಿಗಳು’ ಅಂತೀವಿ. ಅವರಾಗ ಉರಾಂವ್, ಮುಂಡಾ, ಖಡಿಯಾ ಆದಿವಾಸಿ ಮಂದಿ ಇದ್ರ ಭಾಳ ಸಲ ಕ್ರೈಸ್ತರ ಇರ್ತಾರ, ರಾಂಚಿ ಕಡೆ ಲುಥೆರನ್ ಸಭಾ 1845ರಿಂದ ಐತಿ. ನಿಮ್ಮ ಚರ್ಚಿನ ಹಿಂದಿನ ಬೆಂಚಿನ್ಯಾಗ ಕುಂತು ಹೋಗ್ತಿರ್ತಾರ, ಯಾರೂ ಹೆಸರು ಕೇಳಿರಂಗಿಲ್ಲ.

ಹಂಗಾದ್ರ ಮಾಡೂದೇನು. ತಿಂಗಳಿಗೊಂದ ಸಲ ಚರ್ಚಿನ್ಯಾಗ ಹಿಂದಿ ಪೂಜಾ (ಆರಾಧನಾ) ಇಡ್ರಿ, ಆದ್ರ ವ್ಯಾಳ್ಯಾ ನೋಡ್ರಿ. ಕಟ್ಟಡ ಕೆಲಸದವ್ರಿಗೆ ಭಾನುವಾರ ಮುಂಜಾನೆ ರಜಾ ಇರಂಗಿಲ್ಲ, ಸಂಜಿ ಆರು ದಾಟಿದ ಮ್ಯಾಲೆ ಇಟ್ರ ಬರ್ತಾರ. ಓದೂ ಕೆಲಸ, ಹಾಡೂ ಕೆಲಸ ಅವರಿಗೇ ಕೊಡ್ರಿ. ‘ಅವರಿಗಾಗಿ’ ಮಾಡಿದ ಕಾರ್ಯಕ್ರಮ ಎರಡು ತಿಂಗಳಿಗೆ ಬಂದ್ ಆಗ್ತದ.

ರೇಷನ್ ವಿಚಾರ ಭಾಳ ಮಂದಿಗೆ ಗೊತ್ತಿಲ್ಲ. ಆಹಾರ ಭದ್ರತಾ ಕಾಯ್ದೆ ಒಳಗಿನ ಕಾರ್ಡ್ ಇದ್ರ ದೇಶದ ಯಾವ ನ್ಯಾಯಬೆಲೆ ಅಂಗಡಿಯೊಳಗೂ ಕಾಳು ತಗೋಬಹುದು. ಆದ್ಯತಾ ಕಾರ್ಡಿಗೆ ಒಬ್ಬೊಬ್ಬರಿಗೆ ತಿಂಗಳಿಗೆ 5 ಕೆ.ಜಿ., ಅಂತ್ಯೋದಯಕ್ಕ ಮನಿಗೆ 35. ಊರಾಗ ಉಳದವ್ರು ತಮ್ಮ ಪಾಲು ಅಲ್ಲೇ ತಗೋಬಹುದು, ಇಲ್ಲಿ ಬಂದಾಂವ ತನ್ನ ಪಾಲು ಇಲ್ಲಿ. ಎಲ್ಲಿ ಕೆಡ್ತದ ಅಂದ್ರ ಮೂರು ಕಡೆ. ಆಧಾರ್ ಜೋಡಣಿ ಆಗಿರಂಗಿಲ್ಲ, ಅದು ಹೊಂದ್ಸಾಕ ಭಾಳ ಸಲ ಊರಿಗೇ ಹೋಗ್ಬೇಕು. ಸಿಮೆಂಟ್, ಕಬ್ಬು ಹಿಡದು ಹೆಬ್ಬಟ್ಟಿನ ಗೆರಿ ಅಳಿಸಿರ್ತಾವ, ಯಂತ್ರ ಒಪ್ಪಂಗಿಲ್ಲ. ಬ್ಯಾರೆ ಬೆರಳು ಇಡ್ರಿ, ಇಲ್ಲಾ ಕಣ್ಣಿನ ಗುರುತು ಕೇಳ್ರಿ. ಮೂರನೇದು, ತಮ್ಮ ರಾಜ್ಯ ಸರ್ಕಾರ ಮ್ಯಾಲೆ ಕೊಡೂ ಹೆಚ್ಚಿನ ಕಾಳು ಬ್ಯಾರೆ ರಾಜ್ಯದಾಗ ಸಿಗಂಗಿಲ್ಲ. ಅದನ್ನ ಮೊದಲ ಹೇಳ್ರಿ, ಇಲ್ಲಂದ್ರ ಅಂಗಡಿಯಾಂವ ನುಂಗ್ಯಾನ ಅಂತ ಜಗಳ ಬೀಳ್ತದ.

ಕಾರ್ಡು ಮಾಡ್ಸೂದಿದ್ರ ಎರಡು. ಇ-ಶ್ರಮ್, 16ರಿಂದ 59 ವಯಸ್ಸಿನ ಅಸಂಘಟಿತ ಕಾರ್ಮಿಕರಿಗೆ, ರೊಕ್ಕ ಇಲ್ಲ. ಆಧಾರಿಗೆ ಜೋಡಿಸಿದ ಮೊಬೈಲ್ ಮತ್ತ ಬ್ಯಾಂಕ್ ಪಾಸ್‌ಬುಕ್ ಬೇಕು. ಇನ್ನೊಂದು ಕಟ್ಟಡ ಕಾರ್ಮಿಕರ ಮಂಡಳಿ ಕಾರ್ಡು, 18ರಿಂದ 60, ಹಿಂದಿನ 12 ತಿಂಗಳಾಗ 90 ದಿನ ದುಡದ ದಾಖಲಾ ಬೇಕು. ಆ ದಾಖಲಾಕ್ಕ ಸಹಿ ಮಾಡಾಕ ಗುತ್ತೇದಾರ ಒಲ್ಲೆ ಅಂತಾನ, ತನ್ನ ಕುತ್ತಿಗಿಗೆ ಬರ್ತದ ಅಂತ. ನಿಮ್ಮ ಸಭಾದಾಗ ಗುತ್ತೇದಾರ್ರು ಇರ್ತಾರಲ್ಲ? ಮೊದಲ ಅವರಿಂದ ಸಹಿ ಮಾಡಸ್ರಿ. ಖರೇ ಬೈಬಲ್ ಅಭ್ಯಾಸ ಅಂದ್ರ ಅದ.

ಕೂಲಿ: 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿ ಆಗೇತಿ. ದಿನಗೂಲಿ ಪಾಳಿ ಮುಗಿದ ಕೂಡಲೇ, ವಾರದ ಕೂಲಿ ರಜಾದ ಹಿಂದಿನ ದುಡಿಮಿ ದಿನ, ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗ. ಧರ್ಮೋಪದೇಶಕಾಂಡ 24:15ರ ಪಕ್ಕಕ್ಕ ಇದನ್ನ ಬರೀರಿ. ಬಾಕಿ ಉಳದ್ರ ಮೂರು ವರ್ಷದೊಳಗ ಅರ್ಜಿ ಹಾಕಬಹುದು. ದಾಖಲಾ ಇದ್ರ ಅರ್ಜಿಗೆ ಬಲ ಬರ್ತದ. ಅದಕ ಪ್ರತಿ ಆಳಿಗೂ ಒಂದು ಸಣ್ಣ ನೋಟಬುಕ್ ಕೊಟ್ಟು ತಾರೀಖು, ಸೈಟಿನ ಹೆಸರು, ತಾಸು, ಬಂದ ರೊಕ್ಕ ಬರೀಸ್ರಿ. ರೊಕ್ಕ ಫೋನಿಗೆ ಬಂದ್ರ ಆ ಮೆಸೇಜ್ ಅಳಸಬಾರ್ದು.

ಕಬ್ಬು ಕಡಿಯೂ ಗ್ಯಾಂಗು ಬ್ಯಾರೆ ವಿಷಯ. ದೀಪಾವಳಿ ಸುತ್ತಮುತ್ತ ಬರ್ತಾರ, ಮಾರ್ಚ್-ಏಪ್ರಿಲ್‌ಗೆ ಹೋಗ್ತಾರ, ಗಂಡ-ಹೆಂಡತಿ ಜೋಡಿ ಲೆಕ್ಕದಾಗ ಮುಕಾದಮ (ಗ್ಯಾಂಗ್ ಕರಕೊಂಡು ಬರೂ ಗುತ್ತೇದಾರ) ಮುಂಗಡ ಕೊಟ್ಟಿರ್ತಾನ. ಮುಂಗಡ ತಗೊಳ್ಳೂದು ಅಪರಾಧ ಅಲ್ಲ. ಆದ್ರ ಆ ಸಾಲದ ಸಲುವಾಗಿ ಬಿಟ್ಟು ಹೋಗಾಕ ಬಿಡಲಿಲ್ಲ, ಕನಿಷ್ಠ ಕೂಲಿನೂ ಕೊಡಲಿಲ್ಲ ಅಂದ್ರ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೊಳಗ ಬರ್ತದ. ದೂರು ಡಿ.ಸಿ. ಅಥವಾ ಎ.ಸಿ. ಆಫೀಸಿಗೆ, ಬಿಡುಗಡೆ ಪ್ರಮಾಣಪತ್ರ ಅಲ್ಲೇ ಕೊಡೂದು. ನೀವು ಹುಡುಗೂರನ್ನ ಕಟಗೊಂಡು ಕಬ್ಬು ಕಡಿಯೂ ಫಡಕ್ಕ ನುಗ್ಗಬ್ಯಾಡ್ರಿ. ಮುಕಾದಮ ರಾತ್ರಿ ಗ್ಯಾಂಗನ್ನ ಟ್ರ್ಯಾಕ್ಟರ್ ಹತ್ತಿಸಿ ಬ್ಯಾರೆ ಕಾರ್ಖಾನಿ ಹದ್ದಿಗೆ ಸಾಗಸ್ತಾನ, ಅಲ್ಲಿಗೆ ಕೇಸೂ ಹೋತು, ಮಂದೀನೂ ಹೋದ್ರು.

ಅವರ ಮಕ್ಕಳನ್ನ ಸಮೀಪದ ಸರ್ಕಾರಿ ಸಾಲಿಗೆ ಕರಕೊಂಡು ಹೋಗ್ರಿ. 6ರಿಂದ 14ರ ಮಕ್ಕಳಿಗೆ ವರ್ಗಾವಣೆ ಪತ್ರ ಇನ್ನೂ ಬಂದಿಲ್ಲ ಅಂತ ಪ್ರವೇಶ ತಪ್ಪಸಂಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಹಂಗ ಹೇಳ್ತದ.

ಉತ್ತರ 4: ಖಾನಾಪುರ ರಸ್ತೆ

ಒಂದು ಭಿನ್ನಮತ. ಉತ್ತರ 3ರ ಕೆಲಸಗಳನ್ನು ಪ್ರಾರ್ಥನೆ, ಕರಪತ್ರಗಳ ಜತೆ ಬೆರೆಸಬೇಡಿ. ರೇಷನ್ ಅರ್ಜಿ ತುಂಬಿಕೊಡುವ ಟೇಬಲ್ಲಿನ ಮೇಲೆ ಸುವಾರ್ತೆಯ ಪುಸ್ತಕ ಇರಬಾರದು. ಕಾರಣ ಎರಡು. 2022ರ ರಾಜ್ಯದ ಮತಾಂತರ ಕಾಯ್ದೆಯಲ್ಲಿ ‘ಆಮಿಷ’ದ ವ್ಯಾಖ್ಯೆಯೊಳಗೆ ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣ ಎಲ್ಲ ಬಂದಿವೆ; ಒಂದು ದೂರು ಬಿದ್ದರೆ ನಿಮಗಿಂತ ಮೊದಲು ಊರು ಬಿಡುವವರು ಆ ಕೂಲಿಯವರು. ಅದಕ್ಕಿಂತ ದೊಡ್ಡದು, ಲೂಕ 10ರ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿನ ಆರೈಕೆಗೆ ಎರಡು ದಿನದ ಕೂಲಿಯಷ್ಟು, ಅಂದರೆ ಎರಡು ದೆನಾರಿ, ಛತ್ರದವನಿಗೆ ಕೊಟ್ಟ. ಬಾಕಿ ಆದರೆ ಮರಳಿ ಬಂದಾಗ ಕೊಡುತ್ತೇನೆ ಅಂದ. ಗಾಯಾಳುವಿನ ಮತ ಕೇಳಿದ್ದು ಕಥೆಯಲ್ಲಿಲ್ಲ. ಬರುವವರಲ್ಲಿ ಹಿಂದೂ, ಮುಸ್ಲಿಂ ಇದ್ದೇ ಇರುತ್ತಾರೆ. ಟೇಬಲ್ ಚರ್ಚಿನ ಒಳಗೆ ಬೇಡ, ಆವರಣದ ಗೇಟಿನ ಹತ್ತಿರ ಇಡಿ.

ಕೇಳಿದವರು: ಕ್ಯಾಂಪ್ ಕಡೆಯವ

ಎಲ್ಲರಿಗೂ ವಂದನೆ. ನೆಹೆಮೀಯ 5 ಯಾರಿಗೂ ಹೊಳೆದಿರಲಿಲ್ಲ. ಇನ್ನೊಂದೇ ಪ್ರಶ್ನೆ. ಪ್ರವಾಸಿ ವೀಸಾದಲ್ಲಿ ಬರುವ ವಿದೇಶಿ ಸ್ನೇಹಿತರೊಬ್ಬರನ್ನು ಕೊನೆಯ ಶನಿವಾರ ಮಾತಾಡಿಸಿ, ಸಭೆಯವರೊಬ್ಬರ ಮನೆಯಲ್ಲಿ ಇಳಿಸಬಹುದಾ?

ಉತ್ತರ 5: ದಾಖಲೆ ಪೆಟ್ಟಿಗೆ

ಮಾತಾಡಿಸಬೇಡಿ. ಪ್ರವಾಸಿ ವೀಸಾದವರು ಚರ್ಚಿಗೆ ಬರಬಹುದು, ಆರಾಧನೆಯಲ್ಲಿ ಕೂರಬಹುದು, ಪ್ರವಚನ ಕೇಳಬಹುದು. ವೇದಿಕೆ ಹತ್ತಿ ಧರ್ಮಬೋಧನೆ ಮಾಡುವಂತಿಲ್ಲ, ಧಾರ್ಮಿಕ ಪುಸ್ತಕ ಹಂಚುವಂತಿಲ್ಲ. ಅದಕ್ಕೆ ಮಿಷನರಿ ವೀಸಾ ಬೇರೆ ಇದೆ. ‘ಬರೀ ಅನುಭವ ಹೇಳ್ತಾರೆ’ ಅಂತ ಹೆಸರು ಬದಲಿಸಿದರೂ ಫೋಟೊ ಫೇಸ್‌ಬುಕ್ಕಿಗೆ ಹೋದ ಮೇಲೆ ವಿವರಣೆ ಯಾರೂ ಕೇಳುವುದಿಲ್ಲ, ವೀಸಾ ರದ್ದಾಗುವುದು ಅವರದ್ದು.

ಮನೆಯಲ್ಲಿ ಇಳಿಸಬಹುದು. ಒಂದೇ ರಾತ್ರಿ ಉಳಿದರೂ ಮನೆಯವರು 24 ತಾಸಿನೊಳಗೆ ವಿದೇಶಿಯರ ನೋಂದಣಿ ವೆಬ್‌ಸೈಟಿನಲ್ಲಿ ವಾಸದ ಮಾಹಿತಿ ತುಂಬಬೇಕು. ಹೋಟೆಲಿಗಷ್ಟೇ ಅಂತ ಭಾಳ ಜನ ತಿಳಿದಿದ್ದಾರೆ, ಹಾಗಲ್ಲ. ಮನೆಯವರ ಹೆಸರಿನಲ್ಲಿ ಮೊದಲೇ ಖಾತೆ ತೆರೆದಿಡಿ. ಅತಿಥಿ ಬಂದ ರಾತ್ರಿ ಕೂತು ಖಾತೆ ಮಾಡಲು ಹೋದರೆ ಒಪ್ಪಿಗೆ ಬರುವುದು ತಡವಾಗುತ್ತದೆ. ಪಾಸ್‌ಪೋರ್ಟಿನ ಫೋಟೊ ಪುಟ, ವೀಸಾ ಪುಟ, ದೇಶಕ್ಕೆ ಬಂದ ದಿನದ ಮೊಹರು, ಈ ಮೂರನ್ನು ಅವರು ಹೊರಡುವ ಮುಂಚೆಯೇ ಸಾಧ್ಯವಾದಷ್ಟು ವಾಟ್ಸಾಪಿನಲ್ಲಿ ತರಿಸಿಕೊಳ್ಳಿ. ಮೊಹರಿನದು ಮಾತ್ರ ವಿಮಾನ ಇಳಿದ ಮೇಲೆ.